ಚೊಂಬಿನೊಳಗಿನ ಕೋಣೆ: ಹಾಸನದ ಒಂದು ಮಹಡಿ ಸ್ಟುಡಿಯೋ ಕಟ್ಟಿದ ಕತೆ

ಮೊದಲು ತೆಗೆದ ಫೋಟೋವನ್ನು ನಾನು ಇನ್ನೂ ಅಳಿಸಿಲ್ಲ. ಒಂದು ಹಿತ್ತಾಳೆ ಚೊಂಬು, ಹಿಂದೆ ಬಿಳಿ ಚಾರ್ಟ್ ಪೇಪರ್. ದೊಡ್ಡದು ಮಾಡಿ ನೋಡಿದರೆ ಚೊಂಬಿನ ಹೊಟ್ಟೆಯಲ್ಲಿ ನಮ್ಮ ಮಹಡಿ ಕೋಣೆ ಪೂರ್ತಿ ಇದೆ. ಟ್ಯೂಬ್‌ಲೈಟ್, ಕಿಟಕಿಯ ಸರಳು, ಹಗ್ಗದ ಮೇಲೆ ಒಣಗುವ ಟವೆಲ್, ನಡುವೆ ಮೊಬೈಲ್ ಹಿಡಿದು ನಿಂತ ನಾನು. ಚೊಂಬಿನ ಆಕಾರ ಮಾತ್ರ ಕಣ್ಣಿಗೆ ಸಿಗುವುದಿಲ್ಲ.

ಹಾಸನದಲ್ಲಿ ನಮ್ಮದೊಂದು ಪಾತ್ರೆ ಅಂಗಡಿ ಇದೆ. ಅಜ್ಜ ಶುರು ಮಾಡಿದ್ದು. ಈಗ ಜಾಸ್ತಿ ಹೋಗುವುದು ಸ್ಟೀಲ್. ಆದರೆ ಗೃಹಪ್ರವೇಶ, ಮದುವೆ ಅಂತ ಹಿತ್ತಾಳೆ ದೀಪ, ಆರತಿ ತಟ್ಟೆ, ತಾಮ್ರದ ಬಿಂದಿಗೆ ಕೇಳುವವರು ಮತ್ತೆ ಬರುತ್ತಿದ್ದಾರೆ. ಬೆಂಗಳೂರಿಗೆ ಹೋಗಿ ನೆಲೆಸಿದವರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಅನ್ನುತ್ತಾರೆ. ನಾನು ಮೊಬೈಲ್ ಫ್ಲಾಶ್ ಹಾಕಿ ತೆಗೆದು ಕಳಿಸುತ್ತಿದ್ದೆ. ಒಬ್ಬರು ಪಂಚಪಾತ್ರೆಯ ಫೋಟೋ ನೋಡಿ, "ಇದು ಸ್ಟೀಲಾ, ಹಿತ್ತಾಳೆಯಾ?" ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಫ್ಲಾಶ್ ಬಿದ್ದ ಜಾಗವೆಲ್ಲ ಬೆಳ್ಳಗೆ, ಉಳಿದದ್ದೆಲ್ಲ ಕಪ್ಪಗೆ ಬಂದಿತ್ತು. ಅಪ್ಪ ಒಂದೊಂದನ್ನೂ ಆರಿಸಿ ತಂದ ಪಾತ್ರೆಗಳು. ಅವು ಹೀಗೆ ಕಾಣುವುದು ನನಗೆ ಸಹಿಸಲಾಗಲಿಲ್ಲ.

ಅದೇ ತಿಂಗಳು ಊರಿನ ಫೋಟೋಗ್ರಾಫರ್ ಒಬ್ಬರು ಭಾನುವಾರ ಬೆಳಿಗ್ಗೆ ನಡೆಸುವ ಸ್ಟುಡಿಯೋ ಲೈಟಿಂಗ್ ಕ್ಲಾಸಿಗೆ ಸೇರಿದೆ. ಎಂಟು ವಾರ, ಆರು ಜನ. ಮಿಕ್ಕ ಐದು ಜನರೂ ಮದುವೆ ಫೋಟೋ ತೆಗೆಯುವವರು. ಪಾತ್ರೆ ಹಿಡಿದುಕೊಂಡು ಬಂದವಳು ನಾನೊಬ್ಬಳೇ. ಕ್ಲಾಸಿನ ಜೊತೆಜೊತೆಗೆ ಮನೆಯ ಮಹಡಿ ಕೋಣೆಯಲ್ಲಿ ಏನೇನು ಕಟ್ಟಿದೆ, ಯಾವುದು ಕೆಟ್ಟಿತು, ಹೇಗೆ ಸರಿಯಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಟ್ಟೆಯ ಪಾಠ

ಮೊದಲ ದಿನ ಸರ್ ಕ್ಯಾಮೆರಾ ಹೊರಗೆ ತೆಗೆಯಲು ಬಿಡಲಿಲ್ಲ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಒಂದು ಬಿಳಿ ಕೋಳಿಮೊಟ್ಟೆ ಇಟ್ಟರು. ಬಾಗಿಲು ಹಾಕಿ, ಲೈಟ್ ಆರಿಸಿ, ಟಾರ್ಚ್ ಬಿಟ್ಟರು. ಮೊಟ್ಟೆಯ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ಕತ್ತಲು. ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ. ಆಮೇಲೆ ಟಾರ್ಚ್ ಮುಂದೆ, ಮೊಟ್ಟೆಗೆ ತೀರಾ ಹತ್ತಿರ, ಒಂದು ಬಟರ್ ಪೇಪರ್ ಹಿಡಿದರು. ಆ ಗೆರೆ ಕರಗಿತು. ಬೆಳಕು ನಿಧಾನವಾಗಿ ಜಾರಿ ಕತ್ತಲಿಗೆ ಹೋಗುತ್ತಿತ್ತು. ಪೇಪರನ್ನು ಹಿಂದಕ್ಕೆ, ಟಾರ್ಚಿನ ಬಾಯಿ ಹತ್ತಿರಕ್ಕೆ, ತೆಗೆದುಕೊಂಡು ಹೋದಾಗ ಮತ್ತೆ ಗೆರೆ ಬಂತು.

"ಲೈಟ್ ಎಷ್ಟು ದೊಡ್ಡದು ಅಂತ ನೀವು ನಿಂತ ಕಡೆಯಿಂದ ಹೇಳಬೇಡಿ. ಮೊಟ್ಟೆ ಕೂತ ಕಡೆಯಿಂದ ನೋಡಿ ಹೇಳಿ" ಅಂದರು ಸರ್. ಸೂರ್ಯ ಎಷ್ಟು ದೊಡ್ಡವನಾದರೂ ದೂರದಲ್ಲಿದ್ದಾನೆ. ನಮಗೆ ಕಾಣುವುದು ಸಣ್ಣ ಬಿಲ್ಲೆ. ಅದಕ್ಕೇ ಬಿಸಿಲಿನ ನೆರಳು ಗಡುಸು. ಜುಲೈನಲ್ಲಿ ಸಕಲೇಶಪುರದ ಕಡೆ ಹೋದರೆ ಮೋಡ ಕವಿದ ಆಕಾಶವೇ ಒಂದು ದೊಡ್ಡ ಲೈಟ್. ಅಲ್ಲಿ ನೆರಳೇ ಬೀಳುವುದಿಲ್ಲ.

ದೂರದ ಲೆಕ್ಕವನ್ನೂ ಅವತ್ತೇ ಹೇಳಿದರು. ಲೈಟನ್ನು 2 ಅಡಿಯಿಂದ 4 ಅಡಿಗೆ ಸರಿಸಿದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಕ್ಯಾಮೆರಾ ಭಾಷೆಯಲ್ಲಿ ಎರಡು ಸ್ಟಾಪ್, ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗುವುದು. ಲೆನ್ಸಿನ ಕಿಂಡಿ ಎಫ್ 11 ಇದ್ದದ್ದು ಎಫ್ 5.6ಕ್ಕೆ ಬರಬೇಕು, ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಆ ಸಂಜೆ ನಾನೂ ಮನೆಯಲ್ಲಿ ಮೊಟ್ಟೆ ಇಟ್ಟು ಟೇಪ್ ಹಿಡಿದು ಅಳೆದು ತೆಗೆದೆ. ಲೆಕ್ಕ ಸರಿಯಾಗಿ ಕೂತಿತು. ಇಷ್ಟು ಗೊತ್ತಾದರೆ ಚೊಂಬೂ ಆಗಿಹೋಯಿತು ಅಂದುಕೊಂಡೆ. ಅದು ಹಾಗಿರಲಿಲ್ಲ. ಆ ವಿಷಯ ಮುಂದೆ ಬರುತ್ತದೆ.

ಬಲ್ಬಿನಿಂದ ಫ್ಲಾಶಿಗೆ

ಮೊದಲು ಮನೆಯಲ್ಲಿದ್ದ ಎಲ್‌ಇಡಿ ಬಲ್ಬುಗಳಲ್ಲೇ ಮಾಡೋಣ ಅಂತ ಹೊರಟೆ. 9 ವ್ಯಾಟಿನ ನಾಲ್ಕು ಬಲ್ಬ್, ಒಂದು ಹಲಗೆಗೆ ನಾಲ್ಕು ಹೋಲ್ಡರ್. ಎರಡು ತೊಂದರೆ ಬಂತು. ಶಟರ್ ತೆರೆದಿರುವ ಹೊತ್ತನ್ನು 1/250 ಸೆಕೆಂಡಿಗೆ ಇಟ್ಟರೆ ಫೋಟೋ ತುಂಬ ಅಡ್ಡ ಪಟ್ಟೆ. ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಸ್, ಅಗ್ಗದ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರ್‌ಗೆ ಗೊತ್ತಾಗುತ್ತದೆ. 1/50ಕ್ಕೆ ಇಳಿಸಿದಾಗ ಪಟ್ಟೆ ಹೋಯಿತು. ಎರಡನೆಯದು ಬಣ್ಣ. ಹಿತ್ತಾಳೆಯ ಹಳದಿ ಸತ್ತು ಹಸಿರು ತಿರುಗಿದ ಹಾಗೆ ಬರುತ್ತಿತ್ತು. ಇದಕ್ಕೆ ಅರ್ಧ ಕಾರಣ ಬಲ್ಬು. ಅಂಥ ಬೆಳಕಿನಲ್ಲಿ ಕೆಂಪು ಕಡಿಮೆ. ಇನ್ನರ್ಧ ಕಾರಣ ಕೋಣೆಯ ಗೋಡೆ, ಅದಕ್ಕೆ ತಿಳಿ ಹಸಿರು ಬಣ್ಣ ಬಳಿದಿದೆ. ಗೋಡೆಗೆ ಬಡಿದು ವಾಪಸ್ ಬರುವ ಬೆಳಕೂ ಹಸಿರೇ ಅಲ್ವಾ?

ನಾಲ್ಕನೇ ವಾರ ಊರಿನಲ್ಲಿ ಒಂದು ಹಳೆಯ ಸ್ಟುಡಿಯೋ ಮುಚ್ಚುತ್ತಿತ್ತು. ಅವರ ಹತ್ತಿರ ಎರಡು ಸ್ಟುಡಿಯೋ ಫ್ಲಾಶ್ ಸಿಕ್ಕವು. ತಲಾ 300 ಜೌಲಿನವು, ಅದು ಒಂದು ಹೊಡೆತದ ಶಕ್ತಿಯ ಅಳತೆ. ಒಂದು ಬೆಳಗುತ್ತದೆ, ಒಂದು ಗ್ಯಾರಂಟಿ ಇಲ್ಲ ಅಂತ ಹೇಳಿಯೇ ಕೊಟ್ಟರು. ಎರಡೂ ಸೇರಿ 6,000 ರೂಪಾಯಿ.

ಬೆಳಗುತ್ತದೆ ಅಂದಿದ್ದು ಮನೆಗೆ ತಂದ ಮೇಲೆ ಬೆಳಗಲಿಲ್ಲ. ಹಿಂದಿನ ಟೆಸ್ಟ್ ಬಟನ್ ಒತ್ತಿದರೆ ಹೊಡೆಯುತ್ತದೆ, ಕ್ಯಾಮೆರಾ ಕ್ಲಿಕ್ ಮಾಡಿದರೆ ಇಲ್ಲ. ಹಾಗಾದರೆ ಫ್ಲಾಶ್ ಟ್ಯೂಬ್ ಚೆನ್ನಾಗಿದೆ, ಒಳಗೆ ಕರೆಂಟ್ ತುಂಬಿಕೊಳ್ಳುವುದೂ ಚೆನ್ನಾಗಿದೆ, ಸುದ್ದಿ ಮುಟ್ಟುವ ದಾರಿಯಲ್ಲಿ ಮಾತ್ರ ಎಲ್ಲೋ ತೊಂದರೆ. ಕ್ಯಾಮೆರಾದಿಂದ ಬರುವ ರೇಡಿಯೋ ಸುದ್ದಿಯನ್ನು ಹಿಡಿದು ಫ್ಲಾಶಿಗೆ ಕೊಡುವ ಟ್ರಿಗರ್ ರಿಸೀವರನ್ನು ಕ್ಲಾಸಿಗೆ ತೆಗೆದುಕೊಂಡು ಹೋಗಿ ಸರ್ ಫ್ಲಾಶಿಗೆ ಚುಚ್ಚಿದೆ, ಹೊಡೆಯಿತು. ಅಂದರೆ ರಿಸೀವರ್ ಸರಿ. ಉಳಿದದ್ದು ಕೇಬಲ್. ಅದರ ಪಿನ್ನನ್ನು ಕಿಟಕಿ ಹತ್ತಿರ ಹಿಡಿದು ನೋಡಿದೆ. ಬುಡದಲ್ಲಿ ಹಸಿರು. ಪಾತ್ರೆ ಅಂಗಡಿಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಿಲುಬು! ಎಷ್ಟು ಮಳೆಗಾಲ ಆ ಚೀಲದಲ್ಲಿ ಬಿದ್ದಿತ್ತೋ ಏನೋ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿ ಚುಚ್ಚಿದೆ. ಮೊದಲ ಕ್ಲಿಕ್‌ಗೇ ಕೋಣೆ ಬೆಳಗಿತು. ಅವತ್ತಿನ ಖುಷಿ ನನಗೆ ಇನ್ನೂ ನೆನಪಿದೆ.

ಎರಡನೆಯದಕ್ಕೆ ಫ್ಯೂಸ್ ಹೋಗಿತ್ತು. ಅದೇ ಅಳತೆಯ ಹೊಸ ಫ್ಯೂಸ್ ಹಾಕಿದೆ, ಸ್ವಿಚ್ ಒತ್ತಿದ ತಕ್ಷಣ ಅದೂ ಹೋಯಿತು. ಅಲ್ಲಿಗೆ ನಿಲ್ಲಿಸಿದೆ. ಇದನ್ನು ಓದಿ ಯಾರಾದರೂ ಹಳೆಯ ಫ್ಲಾಶ್ ತಂದರೆ ದಯವಿಟ್ಟು ಈ ಮಾತು ನೆನಪಿಡಿ: ಅದರ ಡಬ್ಬ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಗಂಟೆಗಟ್ಟಲೆ ಉಳಿಯಬಹುದು. ಪ್ರಾಣ ತೆಗೆಯುವಷ್ಟು ಶಕ್ತಿ ಅದಕ್ಕಿದೆ. ಅದನ್ನು ಖಾಲಿ ಮಾಡುವುದು ಗೊತ್ತಿರುವ ರಿಪೇರಿಯವರ ಹತ್ತಿರವೇ ಕೊಡಬೇಕು. ನಾನೂ ಕೊಟ್ಟೆ. ಕೆಪಾಸಿಟರ್ರೇ ಶಾರ್ಟ್ ಆಗಿದೆ, ಹಾಕುವ ಖರ್ಚಿಗೆ ಇನ್ನೊಂದು ಹಳೆಯದೇ ಬರುತ್ತದೆ ಅಂದರು. ಹಾಗಾಗಿ ಅದರ ರಿಫ್ಲೆಕ್ಟರ್ ಬಟ್ಟಲು ಮತ್ತು ಬೆಳಕು ಎಲ್ಲಿ ಬೀಳುತ್ತದೆ ಅಂತ ಮೊದಲೇ ತೋರಿಸುವ ಮಾಡೆಲಿಂಗ್ ಬಲ್ಬ್ ಇಟ್ಟುಕೊಂಡೆ.

ಚಿಕ್ಕಪ್ಪನ ಹತ್ತಿರ ಹಳೆಯ ರೀಲ್ ಕ್ಯಾಮೆರಾದ ಫ್ಲಾಶ್ ಒಂದಿತ್ತು. ಕ್ಯಾಮೆರಾ ತಲೆಗೆ ಹಾಕಿ ನೋಡೋಣ ಅಂದುಕೊಂಡಿದ್ದೆ. ಸರ್ ತಡೆದರು. ಅದನ್ನು ಆನ್ ಮಾಡಿ, ಬುಡದ ನಡುವಿನ ಚುಕ್ಕೆಗೂ ಪಕ್ಕದ ತಗಡಿಗೂ ಮಲ್ಟಿಮೀಟರ್ ಹಿಡಿದು ತೋರಿಸಿದರು. 200 ವೋಲ್ಟಿನ ಹತ್ತಿರ. ಇದು ಡಿಜಿಟಲ್ ಕ್ಯಾಮೆರಾದ ಒಳಗೆ ಹೋದರೆ ಬೋರ್ಡ್ ಸುಟ್ಟುಹೋಗಬಹುದು. ಅದು ಮತ್ತೆ ಡಬ್ಬ ಸೇರಿತು.

ಆಮೇಲೆ ಶಟರ್. ಫ್ಲಾಶ್ ಹೊಡೆಯುವ ಕ್ಷಣದಲ್ಲಿ ಶಟರಿನ ಎರಡೂ ಪರದೆ ಪೂರ್ತಿ ತೆರೆದಿರಬೇಕು. 1/250ಕ್ಕೆ ಇಟ್ಟಾಗ ಫೋಟೋದ ಒಂದು ಅಂಚು ಕಪ್ಪಾಯಿತು. ನನ್ನ ಕ್ಯಾಮೆರಾದಲ್ಲಿ 1/200ರ ತನಕ ಪರದೆ ಪೂರ್ತಿ ತೆರೆಯುತ್ತದೆ, ಆದರೆ ಅಗ್ಗದ ರೇಡಿಯೋ ಟ್ರಿಗರ್ ಕೂದಲೆಳೆಯಷ್ಟು ತಡ ಮಾಡುತ್ತದೆ. 1/160 ಅಂತ ಗಟ್ಟಿ ಮಾಡಿಕೊಂಡೆ. ಈಗ ಕೆಲಸ ಶುರು ಮಾಡುವ ಮೊದಲು ಒಂದು ಪರೀಕ್ಷೆ ತಪ್ಪದೆ ಮಾಡುತ್ತೇನೆ. ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಫ್ 11, 1/160 ಇಟ್ಟು, ಫ್ಲಾಶ್ ಆರಿಸಿ ಒಂದು ಫೋಟೋ. ಅದು ಪೂರ್ತಿ ಕಪ್ಪಗೆ ಬರಬೇಕು. ಬಂದರೆ ಟ್ಯೂಬ್‌ಲೈಟು, ಕಿಟಕಿ ಯಾವುದೂ ಫೋಟೋಗೆ ಸೇರುತ್ತಿಲ್ಲ ಅಂತ ಅರ್ಥ. ಆಮೇಲೆ ಬೀಳುವುದೆಲ್ಲ ನಾನು ಹಾಕಿದ ಬೆಳಕು ಮಾತ್ರ.

ಪಂಚೆಯ ಚೌಕಟ್ಟು

ಮೊಟ್ಟೆಯ ಮುಂದಿದ್ದ ಬಟರ್ ಪೇಪರಿನ ಹಾಗೆ ಚೊಂಬಿನ ಮುಂದೆ ಒಂದು ದೊಡ್ಡ ಪರದೆ ಬೇಕು. 4 ಅಡಿ ಎತ್ತರ, 3 ಅಡಿ ಅಗಲ ಅಂತ ಲೆಕ್ಕ ಹಾಕಿದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪ್ 10 ಅಡಿಯದು ಎರಡು ತಂದೆ. ನಾಲ್ಕು ಎಲ್ಬೋ, ಕಾಲಿಗೆ ಎರಡು ಟೀ ಜಾಯಿಂಟ್, ನಾಲ್ಕು ಎಂಡ್ ಕ್ಯಾಪ್. ಹ್ಯಾಕ್ಸಾದಲ್ಲಿ ಕೊಯ್ದು ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ಜೋಡಿಸಿದೆ. ಎಲ್ಲೂ ಗಮ್ ಹಾಕಲಿಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ಬಾಗಿಲ ಹಿಂದೆ ನಿಲ್ಲಿಸಬೇಕು, ಆ ಕೋಣೆಯಲ್ಲೇ ಅಮ್ಮ ಹಪ್ಪಳದ ಡಬ್ಬಗಳನ್ನೂ ಇಡುತ್ತಾಳೆ.

ಬಟ್ಟೆ ಬಿಗಿದು ಎಳೆದಾಗ ಉದ್ದದ ಪೈಪ್ ಒಳಕ್ಕೆ ಬಿಲ್ಲಿನ ಹಾಗೆ ಬಾಗಿತು. ನಡುವೆ ಅಡ್ಡ ಕೋಲು ಕೊಡಬಹುದಿತ್ತು, ಆದರೆ ಕೋಲಿನ ನೆರಳು ಪರದೆ ಮೇಲೆ ಬೀಳುತ್ತದೆ. ಉದ್ದದ ಎರಡು ಪೈಪನ್ನು ಮಾತ್ರ ಒಂದು ಇಂಚಿಗೆ ಬದಲಾಯಿಸಿ, ಮೂಲೆಗೆ ರೆಡ್ಯೂಸರ್ ಎಲ್ಬೋ ಹಾಕಿದೆ. ಆಮೇಲೆ ನೆಟ್ಟಗೆ ನಿಂತಿತು.

ಬಟ್ಟೆಗೆ ಅಪ್ಪನ ಹಳೆಯ ಬಿಳಿ ಪಂಚೆ ಕೇಳಿದೆ, ಕೊಟ್ಟರು. ಬೈಂಡರ್ ಕ್ಲಿಪ್ಪಿನಲ್ಲಿ ಸುತ್ತ ಬಿಗಿದೆ. ಮೊಟ್ಟೆ ಇಟ್ಟು ತೆಗೆದಾಗ ಬೆಳಕು ಮೃದುವಾಗಿಯೇ ಇತ್ತು, ಆದರೆ ಮೊಟ್ಟೆ ನೀಲಿ. ವರ್ಷಗಟ್ಟಲೆ ನೀಲಿ ಹಾಕಿ ಒಗೆದ ಬಟ್ಟೆ ಅದು. ಕಣ್ಣಿಗೆ ಅಚ್ಚ ಬಿಳಿ, ಕ್ಯಾಮೆರಾಗೆ ಅದರ ನೀಲಿಯೇ ಕಾಣುತ್ತದೆ. ಸೋಪಿನ ಪುಡಿಯಲ್ಲೂ ಬಟ್ಟೆ ಬೆಳ್ಳಗೆ ಹೊಳೆಯಲೆಂದು ಹಾಕುವ ವಸ್ತುವಿದೆ, ಫ್ಲಾಶ್ ಬೆಳಕಿಗೆ ಅದೂ ನೀಲಿ ಉಗುಳುತ್ತದೆ. ಬಿಳಿ ಬಿಳಿಯಾಗಿಯೇ ಬರುವ ಹಾಗೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಸರಿ ಮಾಡಿ ನೀಲಿಯನ್ನು ತೆಗೆದೆ. ಚೊಂಬು ಇಟ್ಟೆ.

ಚೊಂಬಿನಲ್ಲಿ ಪಂಚೆ ಕಂಡಿತು. ಅದರ ಅಂಚಿನ ಗೆರೆ, ಕ್ಲಿಪ್ಪುಗಳು, ಹೊಲಿಗೆ, ನೇಯ್ಗೆಯ ಎಳೆ ಕೂಡ. ಇನ್ನೂ ಬೆಳಕು ಬೇಕೇನೋ ಅಂತ ಎದುರು ಪಕ್ಕಕ್ಕೆ ಥರ್ಮೋಕೋಲ್ ಶೀಟ್, ತಲೆ ಮೇಲೆ ಇನ್ನೊಂದು ಇಟ್ಟೆ. ಆಗ ಅದು ಸುಣ್ಣ ಬಳಿದ ಹಾಗಾಯಿತು. ಬಿಳಿ ಚೊಂಬು, ಬಿಳಿ ಗೋಡೆಯ ಮುಂದೆ. ಅಂಚು ಎಲ್ಲಿ ಮುಗಿಯುತ್ತದೆ, ಹಿಂದಿನ ಪೇಪರ್ ಎಲ್ಲಿ ಶುರುವಾಗುತ್ತದೆ ಗೊತ್ತಾಗುತ್ತಿರಲಿಲ್ಲ.

ಲೈಟ್ ದೂರ ಸರಿಸಿದರೆ ಹೊಳಪು ಕಡಿಮೆ ಆಗಬೇಕಲ್ಲ ಅಂತ ಪಂಚೆ ತೆಗೆದು ಬರೀ ಫ್ಲಾಶನ್ನು 2 ಅಡಿಯಿಂದ 4 ಅಡಿಗೆ ಒಯ್ದೆ. ಕೆಳಗಿನ ಮೇಜು ಕಪ್ಪಾಯಿತು. ಚೊಂಬಿನ ಮೇಲಿನ ಹೊಳೆಯುವ ಚುಕ್ಕೆ ಸಣ್ಣದಾಯಿತೇ ಹೊರತು ಅಷ್ಟೇ ಬಿಳಿಯಾಗಿ ಉಳಿಯಿತು. ನಾನು ಟೇಪ್ ಹಿಡಿದು ಕಲಿತ ಲೆಕ್ಕ ಇಲ್ಲಿ ನಡೆಯಲಿಲ್ಲ.

ಮುಂದಿನ ಭಾನುವಾರ ಎರಡೂ ಫೋಟೋ ತೋರಿಸಿದೆ. ಅವತ್ತಿನ ಪಾಠ ಮುಖಕ್ಕೆ ಬೆಳಕು ಹಾಕುವುದು. ಲೈಟನ್ನು ಪಕ್ಕಕ್ಕೆ, ಮೇಲಕ್ಕೆ ಇಟ್ಟು ನೆರಳಿನ ಕಡೆಯ ಕೆನ್ನೆ ಮೇಲೆ ಸಣ್ಣ ತ್ರಿಕೋನ ಬೀಳಿಸುವುದು, ಅದಕ್ಕೆ ರೆಂಬ್ರಾಂಟ್ ಅನ್ನುವ ಡಚ್ ಚಿತ್ರಕಾರನ ಹೆಸರಿದೆ. ಮಿಕ್ಕವರು ಅದರಲ್ಲಿ ಮುಳುಗಿದ್ದರು. ಸರ್ ನನ್ನ ಫೋಟೋ ನೋಡಿ ಹೇಳಿದ್ದು ಎರಡೇ ಮಾತು. "ಮೊಟ್ಟೆ ಬೆಳಕನ್ನು ಕುಡಿದು ಎಲ್ಲ ಕಡೆ ಚೆಲ್ಲುತ್ತೆ. ಹಿತ್ತಾಳೆ ಕನ್ನಡಿ. ಕನ್ನಡಿಗೆ ಬೆಳಕು ಹಾಕೋಕಾಗಲ್ಲಮ್ಮ, ಕನ್ನಡಿ ಏನು ನೋಡ್ತಿದೆಯೋ ಅದಕ್ಕೆ ಹಾಕಬೇಕು." ಆಮೇಲೆ ತಡೆದು, "ಬೇಲೂರಿಗೆ ಹೋಗಿ ಬಾ. ಕ್ಯಾಮೆರಾ ಬೇಡ. ಒಳಗಿನ ಕಂಬ ನೋಡ್ಕೊಂಡು ಬಾ" ಅಂದರು.

ಬೇಲೂರಿನ ಕಂಬ

ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್. ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಹೊರಗಿನ ಮದನಿಕೆಯರನ್ನು ನೋಡಿ, ಒಳಗೆ ದೇವರಿಗೆ ಕೈಮುಗಿದು ಬರುವುದು. ಈ ಸಲ ನವರಂಗದಲ್ಲಿ ಒಂದು ಕಡೆ ಸುಮ್ನೆ ಅರ್ಧ ಗಂಟೆ ಕೂತೆ.

ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಇದು. ಬಳಪದ ಕಲ್ಲು. ಒಳಗಿನ ಹಲವು ಕಂಬಗಳು ಕಡೆದ ಹಾಗೆ ದುಂಡಗಿವೆ, ಗಂಟೆಯ ಆಕಾರ, ಬಳೆಯ ಹಾಗೆ ಸಾಲು ಸಾಲು ಉಂಗುರ. ನುಣುಪು ಮಾಡಿದ ಕಲ್ಲು ಇವತ್ತಿಗೂ ಹೊಳೆಯುತ್ತದೆ. ಒಳಗೆ ಕತ್ತಲು. ಬೆಳಕು ಬರುವುದು ಬಾಗಿಲುಗಳಿಂದ, ಸ್ವಲ್ಪ ಜಾಲಂಧ್ರದ ತೂತುಗಳಿಂದ. ಕಂಬದ ಮೇಲೆ ಮೇಲಿಂದ ಕೆಳಗೆ ಒಂದೇ ಒಂದು ಬೆಳಕಿನ ಪಟ್ಟಿ. ಅದು ಬಾಗಿಲು! ಬಾಗಿಲೇ ಸಣ್ಣದಾಗಿ, ಉದ್ದವಾಗಿ ಕಂಬದ ಮೈಮೇಲೆ ಕೂತಿದೆ. ಉಂಗುರ ಉಬ್ಬಿದ ಕಡೆ ಆ ಪಟ್ಟಿ ಮುರಿದು ಚುಕ್ಕೆಯಾಗುತ್ತದೆ, ತಗ್ಗಿದ ಕಡೆ ಎಳೆಯಾಗುತ್ತದೆ. ಉಳಿದ ಕಂಬವೆಲ್ಲ ಕಪ್ಪು. ಆ ಒಂದು ಪಟ್ಟಿಯಿಂದಲೇ ಕಂಬ ದುಂಡಗಿದೆ, ಇಲ್ಲಿ ಇಷ್ಟು ಉಬ್ಬಿದೆ, ಇಲ್ಲಿ ಇಷ್ಟು ತಗ್ಗಿದೆ ಅಂತ ಕಣ್ಣು ಓದಿಬಿಡುತ್ತದೆ. ಯಾರೋ ಬಾಗಿಲಿಗೆ ಅಡ್ಡ ನಿಂತರು, ಪಟ್ಟಿ ತುಂಡಾಯಿತು. ಅವರು ಸರಿದರು, ಮತ್ತೆ ಕೂಡಿತು.

ಅಷ್ಟರಲ್ಲಿ ಒಂದು ಗುಂಪು ಬಂತು. ಗೈಡ್ ಚಾವಣಿ ತೋರಿಸಲು ದೊಡ್ಡ ಲೈಟ್ ಹಾಕಿದರು. ಚಾವಣಿಯ ಕೆತ್ತನೆ ಕಂಡಿತು ನಿಜ. ಆದರೆ ಲೈಟು ಹಾಯುತ್ತಾ ಕಂಬದ ಮೇಲೆ ನೇರವಾಗಿ ಬಿದ್ದ ಒಂದು ಕ್ಷಣ ಕಂಬದ ದುಂಡು ಮಾಯವಾಗಿ ಬರೀ ಒಂದು ಬಿಳಿ ಚುಕ್ಕೆ ಉಳಿಯಿತು. ನನ್ನ ಮೊಬೈಲ್ ಫ್ಲಾಶಿನ ಪಂಚಪಾತ್ರೆ ಅದೇ ಅಲ್ವಾ!

ನಾನು ಇಷ್ಟು ದಿನ ಬೆಳಕು ಸೇರಿಸುತ್ತಾ ಹೋಗಿದ್ದೆ. ಚೊಂಬಿಗೆ ಬೇಕಾಗಿದ್ದದ್ದು ಕತ್ತಲು ಕೋಣೆ ಮತ್ತು ಒಂದು ಬಾಗಿಲು.

ಎರಡನೇ ಸಲ

ವಾಪಸ್ ಬಂದವಳೇ ಥರ್ಮೋಕೋಲ್ ಎಲ್ಲ ಹೊರಗೆ ಹಾಕಿದೆ. ಹಸಿರು ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟೆ. ಮೊದಲು ತಂದ ಪಾಪ್ಲಿನ್ ಸ್ವಲ್ಪ ಹೊಳೆಯುತ್ತಿತ್ತು, ಚೊಂಬಿನಲ್ಲಿ ಬೂದಿ ಬಣ್ಣಕ್ಕೆ ಬರುತ್ತಿತ್ತು. ಬಟ್ಟೆ ಅಂಗಡಿಗೆ ಮತ್ತೆ ಹೋಗಿ ವೆಲ್ವೆಟ್ ತಂದೆ. ದುಡ್ಡು ಜಾಸ್ತಿ, ಆದರೆ ವೆಲ್ವೆಟ್ಟಿನ ನವಿರು ಕೂದಲು ಬೆಳಕನ್ನು ನುಂಗಿಬಿಡುತ್ತದೆ. ಇದರಲ್ಲಿ ಉಳಿತಾಯ ಮಾಡಬೇಡಿ ಅಂತಲೇ ಹೇಳುತ್ತೇನೆ.

ಪಂಚೆಯ ಜಾಗಕ್ಕೆ ಟ್ರೇಸಿಂಗ್ ಪೇಪರ್. ಎಂಜಿನಿಯರಿಂಗ್ ಹುಡುಗರು ಡ್ರಾಯಿಂಗ್‌ಗೆ ಕೊಳ್ಳುವ ಅಗಲದ ರೋಲ್ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿತು. ಇದಕ್ಕೆ ನೇಯ್ಗೆ ಇಲ್ಲ, ಅಂಚಿಲ್ಲ, ನೀಲಿ ಇಲ್ಲ. ಚೌಕಟ್ಟಿಗೆ ನಾಲ್ಕೂ ಕಡೆ ಬಿಗಿದು ಕಟ್ಟಿದೆ. ಬೆಳಿಗ್ಗೆ ಎದ್ದು ನೋಡಿದರೆ ಪೇಪರ್ ಅಲೆ ಅಲೆಯಾಗಿ ಸುಕ್ಕುಗಟ್ಟಿದೆ. ರಾತ್ರಿ ಮಳೆ ಬಂದಿತ್ತು. ಟ್ರೇಸಿಂಗ್ ಪೇಪರ್ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ನಾಲ್ಕೂ ಕಡೆ ಹಿಡಿದಿದ್ದರೆ ಹಿಗ್ಗಲು ಜಾಗ ಸಿಗದೆ ಸುಕ್ಕಾಗುತ್ತದೆ. ಮೊಟ್ಟೆಗಾದರೆ ಆ ಸುಕ್ಕು ಲೆಕ್ಕಕ್ಕಿಲ್ಲ. ಹಿತ್ತಾಳೆ ಒಂದೊಂದು ಸುಕ್ಕನ್ನೂ ತೋರಿಸುತ್ತದೆ. ಎರಡು ದಿನ ಬೇರೆ ಬೇರೆ ರೀತಿ ಕಟ್ಟಿ ನೋಡಿದೆ. ಕೊನೆಗೆ ಸರಿಯಾಗಿದ್ದು ಕ್ಯಾಲೆಂಡರ್ ನೋಡಿ ಹೊಳೆದ ಉಪಾಯ. ಮೇಲಿನ ಪೈಪಿಗೆ ಮಾತ್ರ ಪೇಪರ್ ಅಂಟಿಸಿ, ಕೆಳಗಿನ ತುದಿಗೆ ಒಂದು ಪೈಪ್ ತುಂಡನ್ನು ಭಾರಕ್ಕೆ ಸುತ್ತಿ ತೂಗಬಿಟ್ಟೆ. ಹಿಗ್ಗಿದರೂ ಕೆಳಕ್ಕೆ ಇಳಿಯುತ್ತದೆ, ಸುಕ್ಕಾಗುವುದಿಲ್ಲ. ಕೆಲಸ ಮುಗಿದ ಮೇಲೆ ಸುರುಳಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತೇನೆ.

ಫ್ಲಾಶ್ ನಿಲ್ಲಿಸಲು ಸ್ಟ್ಯಾಂಡ್ ಬೇಕಿತ್ತು. ಖಾಲಿ ಪೇಂಟ್ ಬಕೆಟ್‌ಗೆ ಸಿಮೆಂಟ್, ಮರಳು, ಜಲ್ಲಿ ಕಲಸಿ ಹಾಕಿ ನಡುವೆ ಕಬ್ಬಿಣದ ಪೈಪ್ ನೆಟ್ಟೆ. ಮೊದಲನೆಯದು ವಾಲಿತು, ಕಣ್ಣಂದಾಜಿನಲ್ಲಿ ನಿಲ್ಲಿಸಿದ್ದೆ. ಎರಡನೆಯದಕ್ಕೆ ಪಕ್ಕದ ಮನೆಯ ಮೇಸ್ತ್ರಿ ಹತ್ತಿರ ರಸಮಟ್ಟ ಕೇಳಿ ತಂದು ಎರಡು ಕಡೆಯಿಂದ ಹಿಡಿದು, ಹಗ್ಗ ಕಟ್ಟಿ ಎರಡು ದಿನ ಬಿಟ್ಟೆ. ಅದು ಅಲ್ಲಾಡುವುದಿಲ್ಲ.

ಫ್ಲಾಶ್ ಪೇಪರಿಗೆ ಎಷ್ಟು ದೂರ ಇರಬೇಕು ಅನ್ನುವುದರ ಮೇಲೆ ಒಂದು ಸಂಜೆ ಪೂರ್ತಿ ಕಳೆದೆ. ಒಂದು ಅಡಿ ಹಿಂದಿದ್ದರೆ ಪೇಪರಿನ ನಡುವೆ ಉರಿಯುವ ಬಿಲ್ಲೆ, ಚೊಂಬಿನಲ್ಲೂ ಅದೇ ಬಿಲ್ಲೆ. ಮೂರು ಅಡಿ ಹಿಂದಕ್ಕೆ ಹೋದರೆ ಪೇಪರ್ ಪೂರ್ತಿ ಒಂದೇ ಸಮ ಬೆಳಗುತ್ತದೆ. ಒಂದೇ ಸಮ ಬೆಳಗಿದರೆ ಚೊಂಬಿನ ಮೇಲೆ ಅಂಟಿಸಿದ ಬಿಳಿ ಸ್ಟಿಕ್ಕರಿನ ಹಾಗೆ ಕಾಣುತ್ತದೆ. ನನಗೆ ಬೇಕಾಗಿದ್ದು ಬೇಲೂರಿನ ಪಟ್ಟಿ, ಒಂದು ಪಕ್ಕ ಗಟ್ಟಿ ಬೆಳಕು, ಇನ್ನೊಂದು ಪಕ್ಕ ಕರಗಿಹೋಗುವುದು. ಹಾಗಾಗಿ ಎರಡೂವರೆ ಅಡಿ ದೂರದಲ್ಲಿಟ್ಟು, ಫ್ಲಾಶಿನ ಮುಖವನ್ನು ಪೇಪರಿನ ಹಿಂದಿನ ಅಂಚಿನ ಕಡೆ ತಿರುಗಿಸಿದೆ. ಬೆಳಕು ಆ ಅಂಚಿನಲ್ಲಿ ಶುರುವಾಗಿ ಮುಂದಕ್ಕೆ ಬರುತ್ತಾ ಮಸುಕಾಯಿತು. ಚೊಂಬಿನ ಮೈಯೂ ಹಾಗೇ ಆಯಿತು. ಮೊದಲ ಸಲ ಅದರ ಹೊಟ್ಟೆ ದುಂಡಗೆ ಕಂಡಿತು.

ಒಂದು ಎಚ್ಚರಿಕೆ: ಮಾಡೆಲಿಂಗ್ ಬಲ್ಬ್ 150 ವ್ಯಾಟಿನ ಹ್ಯಾಲೊಜನ್, ತುಂಬಾ ಕಾಯುತ್ತದೆ. ಎದುರಿಗಿರುವುದು ಕಾಗದ. ಬೆಳಕಿನ ದಿಕ್ಕು ನೋಡಿಕೊಂಡ ತಕ್ಷಣ ಆರಿಸಿಬಿಡಿ.

ಪೇಪರ್ ಇದ್ದದ್ದು ಚೊಂಬಿನ ಎಡಗಡೆ. ಇನ್ನು ಬಲಗಡೆ. ಅಲ್ಲಿ ಪೂರ್ತಿ ವೆಲ್ವೆಟ್, ಚೊಂಬಿನ ಬಲ ಅಂಚು ಹಿನ್ನೆಲೆಯ ಕತ್ತಲಲ್ಲಿ ಸೇರಿಹೋಗುತ್ತಿತ್ತು. ಮೂರು ಇಂಚು ಅಗಲದ ಥರ್ಮೋಕೋಲ್ ಪಟ್ಟಿಯನ್ನು ಸ್ವಲ್ಪ ಹಿಂದಕ್ಕೆ ನಿಲ್ಲಿಸಿದೆ, ಅಂಚಿನಲ್ಲಿ ಸಣ್ಣ ಬಿಳಿ ಎಳೆ ಮೂಡಿತು. ಎಡ ಅಂಚಿಗೆ ಇದರ ತದ್ವಿರುದ್ಧ. ಅಲ್ಲಿ ಬೆಳಕು ಜಾಸ್ತಿ, ಆದ್ದರಿಂದ ಕಪ್ಪು ಚಾರ್ಟಿನ ಪಟ್ಟಿ ನಿಲ್ಲಿಸಿ ಅಂಚಿಗೆ ಕಪ್ಪು ಗೆರೆ ಕೊಟ್ಟೆ. ಕಂಠದ ಮೇಲೆ ಚಾವಣಿಯ ಸುಣ್ಣ ಕಾಣುತ್ತಿತ್ತು, ತಲೆ ಮೇಲೆ ಕಪ್ಪು ಹಲಗೆ ಬಂತು. ಕೆಳಗೆ ಅಡುಗೆಮನೆ ಕಟ್ಟೆ ಕಟ್ಟಿಸಿದಾಗ ಉಳಿದಿದ್ದ ಕಪ್ಪು ಗ್ರಾನೈಟ್ ತುಂಡು.

ಕೊನೆಗೆ ಉಳಿದದ್ದು ಕ್ಯಾಮೆರಾ ಮತ್ತು ನಾನು. ದುಂಡಗಿನ ಹೊಳೆಯುವ ಮೈ ತನ್ನ ಎದುರಿಗಿರುವ ಎಲ್ಲವನ್ನೂ ಹಿಡಿದಿಡುತ್ತದೆ, ಕ್ಯಾಮೆರಾವನ್ನು ಪೂರ್ತಿ ಮುಚ್ಚಿಡಲು ಬರುವುದಿಲ್ಲ. ಚಿಕ್ಕದು ಮಾಡಬಹುದು. ಕೋಣೆಯ ಬಾಗಿಲವರೆಗೆ, ಸುಮಾರು 8 ಅಡಿ ಹಿಂದಕ್ಕೆ ಹೋಗಿ ಜೂಮನ್ನು 100 ಮಿಲಿಮೀಟರಿಗೆ ಇಟ್ಟೆ. ಮುಂದೆ ವೆಲ್ವೆಟ್ ತುಂಡು, ಲೆನ್ಸಿಗೆ ಮಾತ್ರ ತೂತು. ಕ್ಯಾಮೆರಾ ಮೇಲಿನ ಬಿಳಿ ಅಕ್ಷರಗಳಿಗೆ ಕಪ್ಪು ಟೇಪ್. ಟೈಮರ್ ಒತ್ತಿ ನಾನು ಬಾಗಿಲಾಚೆ ನಿಂತೆ. ಈಗ ಚೊಂಬಿನಲ್ಲಿ ಉಳಿದಿರುವುದು ಸಾಸಿವೆಯಷ್ಟು ಕಪ್ಪು ಚುಕ್ಕೆ.

ಬಣ್ಣಕ್ಕೆ ಬೂದು ಕಾರ್ಡ್ ಇಟ್ಟು, ಅದೇ ಪೇಪರ್ ಮೂಲಕ ಬಂದ ಬೆಳಕಿನಲ್ಲೇ ವೈಟ್ ಬ್ಯಾಲೆನ್ಸ್ ಹಿಡಿದೆ. ಚೊಂಬನ್ನು ಅಮ್ಮ ಹುಣಸೆಹಣ್ಣಿನಲ್ಲಿ ಬೆಳಗಿ ಕೊಟ್ಟಿದ್ದಳು. ಹುಳಿ ಜಾಸ್ತಿ ಹೊತ್ತು ಬಿಟ್ಟರೆ ಹಿತ್ತಾಳೆ ಕೆಂಪಗಾಗುತ್ತದೆ ಅಂತ ಪಕ್ಕದಲ್ಲೇ ನಿಂತು ಬೇಗ ತೊಳೆಸಿಕೊಂಡೆ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಬೆರಳಚ್ಚು ಎದ್ದು ಕಾಣುತ್ತದೆ. ಹತ್ತಿ ಬಟ್ಟೆಯಲ್ಲಿ ಹಿಡಿದು ಇಟ್ಟೆ. ಐಎಸ್‌ಒ 100, ಎಫ್ 11, 1/160, ಫ್ಲಾಶ್ ಅರ್ಧ ಪವರ್.

ಹನ್ನೊಂದನೇ ಫೋಟೋ ಬಂದಾಗ ಕೆಳಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದೆ. ಅವರು ಕಂಪ್ಯೂಟರ್ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ. ಹೊಟ್ಟೆಯ ಕೆಳಗೆ ಬೆಳಕಿನ ಪಟ್ಟಿ ಸ್ವಲ್ಪ ಸೊಟ್ಟಗಾದ ಒಂದು ಜಾಗಕ್ಕೆ ಬೆರಳಿಟ್ಟರು.

"ಇಲ್ಲಿ ನೆಗ್ಗಿದೆ ನೋಡು ಪುಟ್ಟಿ."

ಅದು ಪೇಪರಿನ ಸುಕ್ಕಿರಬೇಕು ಅಂದೆ. ಅವರು ಚೊಂಬನ್ನು ಎತ್ತಿ, ಬೆಳಗುತ್ತಿದ್ದ ಟ್ರೇಸಿಂಗ್ ಪೇಪರಿಗೆ ಎದುರಾಗಿ ಹಿಡಿದು ನಿಧಾನವಾಗಿ ತಿರುಗಿಸಿದರು. ಪಟ್ಟಿ ನೆಟ್ಟಗೆ ಹರಿಯುತ್ತಾ ಬಂದು ಒಂದು ಕಡೆ ಗಕ್ಕನೆ ಬಾಗಿ ಮತ್ತೆ ನೆಟ್ಟಗಾಯಿತು. ಉಗುರಿಗೂ ಸಿಗದಷ್ಟು ಸಣ್ಣ ನೆಗ್ಗು. ಅಂಗಡಿಗೆ ಮಾಲು ಬಂದ ದಿನ ಅಪ್ಪ ಒಂದೊಂದು ಪಾತ್ರೆಯನ್ನೂ ಬಾಗಿಲ ಕಡೆ ಹಿಡಿದು ಹೀಗೇ ತಿರುಗಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಧೂಳು ನೋಡುತ್ತಾರೆ ಅಂದುಕೊಂಡಿದ್ದೆ.

"ಅಂಗಡಿ ಬಾಗಿಲಲ್ಲಿ ಇಷ್ಟು ಚೆನ್ನಾಗಿ ಕಾಣಲ್ಲ" ಅಂದರು. "ಉಳಿದ ಚೊಂಬೂ ತಗೊಂಡು ಬಾ."

ಇಪ್ಪತ್ನಾಲ್ಕು ಚೊಂಬುಗಳನ್ನು ಮೇಲಕ್ಕೆ ಹೊತ್ತೆ. ಅಪ್ಪ ಗ್ರಾನೈಟ್ ತುಂಡಿನ ಪಕ್ಕ ಸ್ಟೂಲ್ ಹಾಕಿ ಕೂತು ಒಂದೊಂದನ್ನೇ ಪೇಪರಿಗೆ ಹಿಡಿದು ತಿರುಗಿಸಿದರು. ಮೂರನ್ನು ಬೇರೆ ತೆಗೆದಿಟ್ಟರು. ಉಳಿದ ಇಪ್ಪತ್ತೊಂದರಲ್ಲಿ ಒಂದನ್ನು ಒರೆಸಿ, ಹತ್ತಿ ಬಟ್ಟೆಯಲ್ಲೇ ಹಿಡಿದು, ಕಲ್ಲಿನ ಮೇಲೆ ನಾನು ಗುರುತು ಹಾಕಿದ್ದ ಜಾಗಕ್ಕೆ ಇಟ್ಟರು. ನಾನು ಟೈಮರ್ ಒತ್ತಿದೆ. ಇಬ್ಬರೂ ಬಾಗಿಲಾಚೆ ಬಂದು ನಿಂತೆವು.